ಅರಿವಳಿಕೆಯೂ ಜೀವಕೋಶದ ಕ್ಯಾಲ್ಸಿಯಂ ಸಮತೋಲನವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಶಸ್ತ್ರಚಿಕಿತ್ಸೆಗೆಂದು ಹೊಸಪೇಟೆಗೋ ಬಳ್ಳಾರಿಗೋ ದಾವಣಗೆರೆಗೋ ತೆರಳುವ ಬಂಧುಗಳೇ, “ನಿಮ್ಮ ಮನೆತನದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿತ್ತೇ?” ಎಂದು ವೈದ್ಯರು ಕೇಳುವ ಪ್ರಶ್ನೆಯಲ್ಲಿ ಜೀವಕೋಶದ ಒಂದು ಸೂಕ್ಷ್ಮ ವ್ಯವಸ್ಥೆಯ ವಿಚಾರವು ಅಡಗಿರುವುದು.

ವಿಶ್ರಾಂತ ಕೋಶದ್ರವದಲ್ಲಿರುವ ಕ್ಯಾಲ್ಸಿಯಂ ಕೋಶದ ಹೊರಗಿರುವುದರ ಸುಮಾರು 10,000ದಲ್ಲೊಂದು ಪಾಲು ಮಾತ್ರ. ಸ್ನಾಯುಕೋಶವು ಅದನ್ನು ಕೆರೆಯ ನೀರಿನಂತೆ ತನ್ನೊಳಗಿನ ಸಂಚಯದಲ್ಲಿ ಹಿಡಿದಿಟ್ಟು, ರಯನೊಡಿನ್ ಗ್ರಾಹಕವೆಂಬ ತೂಬನ್ನು ಅಗತ್ಯವಾದಾಗ ತೆರೆದು, ಸಂಕೋಚಗೊಂಡು, ಬಳಿಕ ಮರಳಿ ತುಂಬಿಸಿಕೊಳ್ಳುವುದು.

ಐಸೊಫ್ಲುರೇನ್, ಸೆವೊಫ್ಲುರೇನ್ ಮುಂತಾದ ಉಸಿರಿನ ಅರಿವಳಿಕೆಗಳು ಹೃದಯ ಹಾಗೂ ರಕ್ತನಾಳಗಳ ಕೋಶಗಳಿಗೆ ಕ್ಯಾಲ್ಸಿಯಂ ಪ್ರವೇಶವನ್ನು ತಗ್ಗಿಸುವುದರಿಂದ ರಕ್ತದೊತ್ತಡವು ಇಳಿಯುವುದುಂಟು. ವೈದ್ಯರು ಅದನ್ನು ಸತತವಾಗಿ ಗಮನಿಸುತ್ತಿರುವರು. ಆದರೆ ರಯನೊಡಿನ್ ಗ್ರಾಹಕದ ಜೀನಿನಲ್ಲಿ ಆನುವಂಶಿಕ ದೋಷವಿರುವ ವಿರಳ ವ್ಯಕ್ತಿಗಳಲ್ಲಿ, ಇವೇ ಅನಿಲಗಳೂ ಸಕ್ಸಿನೈಲ್‌ಕೋಲಿನ್ ಎಂಬ ಔಷಧವೂ ಕ್ಯಾಲ್ಸಿಯಂ ಅನಿಯಂತ್ರಿತವಾಗಿ ಹರಿಯುವಂತೆ ಮಾಡಿ, ಸ್ನಾಯುಗಳು ಬಿಗಿದು, ದೇಹತಾಪವು ಏರಿ, ಪ್ರಾಣಕ್ಕೇ ಸಂಕಟವು ಒದಗಬಹುದು. ಇದಕ್ಕೆ ಮೆಲಿಗ್ನೆಂಟ್ ಹೈಪರ್‌ಥರ್ಮಿಯಾ ಎಂದು ಹೆಸರು.

1960ರಲ್ಲಿ ಮೆಲ್ಬರ್ನಿನ ಡೆನ್‌ಬರೋ ಮತ್ತು ಲೋವೆಲ್ ಎಂಬ ವೈದ್ಯರು ಒಂದೇ ಕುಟುಂಬದಲ್ಲಿ ಅರಿವಳಿಕೆಯಿಂದಾದ ಹಲವು ಮರಣಗಳನ್ನು ವರದಿಮಾಡಿ ಈ ವ್ಯಾಧಿಯನ್ನು ವೈದ್ಯಲೋಕದ ಗಮನಕ್ಕೆ ತಂದರು. ಕ್ಯಾಲ್ಸಿಯಂ ಬಿಡುಗಡೆಯನ್ನು ತಡೆಯುವ ಡ್ಯಾಂಟ್ರೊಲೀನ್ ಇದರ ಮುಖ್ಯ ಔಷಧವು. ದೇಹತೂಕದ ಪ್ರತಿ ಕಿಲೋಗ್ರಾಮಿಗೆ 2.5 ಮಿಲಿಗ್ರಾಂ ಅದರ ಮೊದಲ ಪ್ರಮಾಣ.

ಆದುದರಿಂದ ಅಜ್ಜನಿಗೋ ಸೋದರತ್ತೆಗೋ ಆಪರೇಷನ್ ವೇಳೆ ಅಂತಹ ಜ್ವರವೋ ಅಕಾಲಮೃತ್ಯುವೋ ಸಂಭವಿಸಿದ್ದರೆ ಸಂಕೋಚವಿಲ್ಲದೆ ತಿಳಿಸಿರಿ. ಪ್ರೊಪೊಫಾಲ್, ಬೆನ್ನಿನ ಅರಿವಳಿಕೆ ಮೊದಲಾದ ನಿರಪಾಯ ಮಾರ್ಗಗಳು ವೈದ್ಯರ ಕೈಯಲ್ಲಿರುವುವು.