ಒಂದು ಅಂಚಿಗಷ್ಟೇ ಅಂಟು

ಮದ್ದೂರಿನ ನಮ್ಮ ದೊಡ್ಡಪ್ಪನ ಬಳಿ ಕಬ್ಬಿನ ಲೆಕ್ಕ ಬರೆಯುವ ಉದ್ದನೆಯ ಲೆಡ್ಜರ್ ಒಂದಿತ್ತು. ಲೆಕ್ಕ ಮುಗಿದ ಪುಟಗಳ ಮೇಲೆಯೇ ಅವರು ದೊಡ್ಡರಸಿನಕೆರೆಯ ನಟ ಅಂಬರೀಶರ ಚಿತ್ರಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ್ದರು. 1972ರ ‘ನಾಗರಹಾವು’ ಚಿತ್ರದ ಜಲೀಲನಿಂದಲೇ ಶುರು. ಹೋದ ವರ್ಷ ನೋಡುತ್ತಿದ್ದಾಗ ಒಂದು ಚಿತ್ರದ ಮೂಲೆ ಎದ್ದಿತ್ತು. ಹಿಂಬದಿಯಲ್ಲಿ ಮಂಡ್ಯ ಮಾರುಕಟ್ಟೆಯ ಬೆಲ್ಲದ ಧಾರಣೆ. ಆಗ ಕ್ವಿಂಟಲ್‌ಗೆ ಎಷ್ಟಿತ್ತೋ ನೋಡೋಣವೆಂದು ಸ್ವಲ್ಪ ಎಳೆದೆ. ಹರಿಯಿತು. ಬೆಲೆಯೂ ಸಿಗಲಿಲ್ಲ, ಅಂಬರೀಶರ ಕಿವಿಯೂ ಹೋಯಿತು.

ಸ್ಕ್ರ್ಯಾಪ್‌ಬುಕ್ ಎಂದರೆ ನಮಗೆ ನೆನಪಾಗುವುದು ಶಾಲೆಯದು. ಗುಲಾಬಿ, ಹಸಿರು, ಹಳದಿ ಹಾಳೆಗಳು, ಸ್ಟೇಷನರಿ ಅಂಗಡಿಯ ಸ್ವಾತಂತ್ರ್ಯ ಹೋರಾಟಗಾರರ ಚಾರ್ಟು, ಪುಟಕ್ಕೊಂದು ಚಿತ್ರ, ಕೆಳಗೆ ನಾಲ್ಕು ಸಾಲು, ಸುತ್ತ ಸ್ಕೆಚ್ ಪೆನ್ನಿನ ಬಾರ್ಡರ್. ಚಿತ್ತು ಮಾಡಿದರೆ ಅಂಕ ಕಟ್. ಮನೆಯ ಪುಸ್ತಕಕ್ಕೆ ಇದ್ಯಾವುದೂ ಬೇಕಿಲ್ಲ. ನಾನು ಬಿಡದೆ ಪಾಲಿಸುವುದು ಒಂದೇ: ಏನನ್ನೇ ಅಂಟಿಸಿದರೂ ಅದರ ಹಿಂಬದಿ ಕಾಣಬೇಕು, ಬೇಕಾದಾಗ ಬಿಡಿಸಲು ಬರಬೇಕು.

ಅದಕ್ಕೆ ಕೆಲಸ ಸುಲಭ. ಕತ್ತರಿಸಿದ ತುಣುಕಿನ ಎಡ ಅಂಚಿಗೆ ಮಾತ್ರ ಕಿರುಬೆರಳಿನ ಅಗಲ ಅಂಟು ಸವರಿ ಕೂರಿಸಿ. ಉಳಿದದ್ದು ಬಾಗಿಲಿನಂತೆ ತೆರೆಯುತ್ತದೆ. ಅಂಟಿಗೆ ಒಂದು ಚಮಚ ಮೈದಾ, ಐದು ಚಮಚ ನೀರು. ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ, ಬಿಳುಪು ಹೋಗಿ ಗಾಜಿನಂತಾದ ಮೇಲೆ ಇಳಿಸಿ ಆರಿಸಿ. ಎರಡು ದಿನಕ್ಕಾಗುವಷ್ಟೇ ಮಾಡಿಕೊಳ್ಳಿ. ಮುಂದೆ ಯಾವಾಗಲಾದರೂ ಒದ್ದೆ ಬಟ್ಟೆ ಒತ್ತಿದರೆ ಈ ಅಂಟು ಬಿಡುತ್ತದೆ, ಫೆವಿಕಾಲ್ ಬಿಡುವುದಿಲ್ಲ. ಹುಳು ಬಾರದಿರಲೆಂದು ಬೈಂಡಿಂಗ್‌ನವರು ಮೈದಾ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ನೀವು ಹಾಕಬೇಡಿ. ಅದು ವಿಷ, ಜೊತೆಗೆ ತಾಮ್ರದ ಅಂಶ ಕಾಗದವನ್ನು ಬೇಗ ಪುಡಿಯಾಗಿಸುತ್ತದೆ. ಸೆಲ್ಲೋಟೇಪಂತೂ ಬೇಡವೇ ಬೇಡ. ಕೆಲವು ವರ್ಷಕ್ಕೆ ಪ್ಲಾಸ್ಟಿಕ್ ಉದುರಿ, ಕಂದು ಗೋಂದು ಮಾತ್ರ ಉಳಿಯುತ್ತದೆ.

ಹೊಸ ಪುಸ್ತಕವನ್ನೇ ಕೊಳ್ಳಬೇಕೆಂಬ ನಿಯಮವನ್ನು ದೊಡ್ಡಪ್ಪ ಆಗಲೇ ಮುರಿದಿದ್ದರು. ಈ ಚಾಳಿ ಹಳೆಯದೇ. ಇಂಗ್ಲೆಂಡಿನ ಜೇಮ್ಸ್ ಗ್ರೇಂಜರ್ 1769ರಲ್ಲಿ ಗಣ್ಯರ ಜೀವನಚರಿತ್ರೆಯ ಒಂದು ಪುಸ್ತಕ ತಂದ. ಓದುಗರು ಅದರೊಳಗೆ ತಾವೇ ಚಿತ್ರಗಳನ್ನು ಸೇರಿಸುತ್ತ ಹೋದರು, ಚಿತ್ರಕ್ಕಾಗಿ ಬೇರೆ ಪುಸ್ತಕಗಳನ್ನೂ ಹರಿದರು. ನಮ್ಮಲ್ಲಿ ಹಳೆಯ ಪಂಚಾಂಗ, ಬಳಸದೆ ಉಳಿದ ಡೈರಿ, ಹಾಲಿನ ಲೆಕ್ಕದ ಪುಸ್ತಕ ಯಾವುದಾದರೂ ಆದೀತು. ಕೆಳಗಿನ ಬರಹ ಕಾಣುತ್ತಿದ್ದರೆ ಕಾಣಲಿ. ಕಬ್ಬು ಕಟಾವಿನ ಪರ್ಮಿಟ್ಟು, ತೂಕದ ಚೀಟಿ, ಅದರ ಪಕ್ಕ ಅದೇ ವರ್ಷದ ಮದುವೆ ಕರೆಯೋಲೆ ಬಂದರೆ, ಮದುವೆಯ ದುಡ್ಡು ಎಲ್ಲಿಂದ ಬಂತು ಎಂದು ಯಾರೂ ವಿವರಿಸಬೇಕಾಗಿಲ್ಲ.

ಪುಸ್ತಕ ಊದಿಕೊಂಡು ಬೆನ್ನು ಒಡೆಯದಿರಲು ಪ್ರತಿ ಮೂರನೆಯ ಹಾಳೆಯನ್ನು ಹೊಲಿಗೆಯ ಬಳಿ ಒಂದು ಬೆರಳಗಲ ಬಿಟ್ಟು ಕತ್ತರಿಸಿ ತೆಗೆಯಿರಿ. ಆ ತುಂಡುಗಳು ಬೆನ್ನಿನಲ್ಲಿ ದಪ್ಪ ಉಳಿಸಿ, ಅಂಟಿಸಿದ್ದಕ್ಕೆ ಜಾಗ ಕೊಡುತ್ತವೆ.

ಇನ್ನು ಚಪ್ಪಟೆ ವಸ್ತುಗಳನ್ನೇ ಅಂಟಿಸಬೇಕೆಂಬ ನಿಯಮವೂ ಬೇಕಿಲ್ಲ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ಬೆಳೆಸಿ ಉಳಿಸಿದ್ದಾರೆ. ಅಲ್ಲಿನ ತೆನೆಗಳ ಬಣ್ಣ, ಮೀಸೆ, ಕಾಳಿನ ಉದ್ದ ನೋಡಿದವರಿಗೆ ಒಂದು ಪುಟ ಭತ್ತಕ್ಕೆ ಮೀಸಲಿಡದೆ ಇರಲಾಗದು. ನಿಮ್ಮ ಗದ್ದೆಯದೇ ರಾಜಮುಡಿ ಭತ್ತದ ಒಂದು ತೆನೆ ಸಾಕು. ಅದನ್ನು ಎರಡು ಪತ್ರಿಕೆಗಳ ನಡುವೆ ಹರಡಿ, ಮೇಲೆ ಭಾರ ಹೇರಿ, ಎರಡು ದಿನಕ್ಕೊಮ್ಮೆ ಪತ್ರಿಕೆ ಬದಲಿಸುತ್ತ ಎರಡು ವಾರ ಒಣಗಿಸಿ. ಆಮೇಲೆ ಗಾಳಿಯಾಡದ ಕವರಿನಲ್ಲಿ ಕಟ್ಟಿ ಇನ್ನೆರಡು ವಾರ ಫ್ರೀಜರಿನಲ್ಲಿಡಿ. ಕಾಳಿನೊಳಗೆ ಹುಳುವಿನ ಮೊಟ್ಟೆ ಇದ್ದರೆ ಸಾಯುತ್ತದೆ. ಹೊರಗೆ ತೆಗೆದು ಕವರಿನ ಮೇಲಿನ ತೇವ ಆರಿದ ಮೇಲೆಯೇ ಬಿಚ್ಚಿ. ತೆನೆಯನ್ನು ಅಂಟಿಸಬೇಡಿ, ಸೂಜಿ ದಾರದಲ್ಲಿ ಮೂರು ಕಡೆ ಹಾಳೆಗೆ ಹೊಲಿಯಿರಿ. ರೇಷ್ಮೆಗೂಡಿಗೂ ಇದೇ ಉಪಾಯ. ಒಂದು ಕಡೆ ಸೀಳಿ, ಒಳಗಿನ ಹುಳು ತೆಗೆದು, ಒಣಗಿಸಿ ಹೊಲಿದರೆ ಸಣ್ಣ ಜೇಬಾಗುತ್ತದೆ. ಕೊಕ್ಕರೆ ಬೆಳ್ಳೂರಿಗೆ ಹೋದರೆ ಮಾತ್ರ ಗರಿ ಹೆಕ್ಕಿ ತರಬೇಡಿ. ಅಲ್ಲಿನ ಕೊಕ್ಕರೆಗಳು ಕಾನೂನಿನ ರಕ್ಷಣೆಯಲ್ಲಿರುವ ಹಕ್ಕಿಗಳು. ನೆಲದಲ್ಲೇ ಬಿಟ್ಟು ಪೆನ್ಸಿಲ್ಲಿನಲ್ಲಿ ಚಿತ್ರ ಬರೆದುಕೊಳ್ಳಿ.

ಮದ್ದೂರು ವಡೆಯ ಕಥೆಯೂ ಹೀಗೆಯೇ. 1917ರಲ್ಲಿ ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯರು ಮಾಡಿಕೊಟ್ಟದ್ದೆಂದು ಹೇಳುವ ಆ ವಡೆ ಕಟ್ಟಿದ ಕಾಗದವನ್ನು ಇಟ್ಟುಕೊಳ್ಳುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಎಣ್ಣೆ ಹತ್ತು ಪುಟ ದಾಟುತ್ತದೆ. ವಡೆಯನ್ನು ಬಟರ್ ಪೇಪರಿನ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು, ಆ ವೃತ್ತವನ್ನು ಹಾಳೆಗೆ ಇಳಿಸಿಕೊಳ್ಳಿ. ಒಳಗೆ ಯಾವ ರೈಲು, ಯಾರ ಜೊತೆ, ಚಟ್ನಿ ಸಿಕ್ಕಿತೇ ಎಂದು ಬರೆಯಿರಿ. ಬಸ್ ಟಿಕೆಟ್ಟಿನದು ಬೇರೆ ತೊಂದರೆ. ಕಂಡಕ್ಟರ್ ತೂತು ಹೊಡೆಯುತ್ತಿದ್ದ ಹಳೆಯ ಅಚ್ಚಿನ ಟಿಕೆಟ್ಟು ಉಳಿಯುತ್ತದೆ. ಈಗಿನ ಯಂತ್ರದ ಟಿಕೆಟ್ಟು ಶಾಖಕ್ಕೆ ಕಪ್ಪಾಗುವ ಕಾಗದ, ಕೆಲವೇ ವರ್ಷಗಳಲ್ಲಿ ಅಕ್ಷರ ಅಳಿದು ಬಿಳಿ ಚೀಟಿ ಉಳಿಯುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿಸಿ.

ಫೋಟೊಗಳ ವಿಷಯ ಬಂದಾಗ ನನಗೆ ಭಯ, ಪ್ಲಾಸ್ಟಿಕ್ ಹಾಳೆ ಎತ್ತಿ ಒತ್ತುವ ಅಂಟು ಆಲ್ಬಮ್ಮುಗಳದು. ಮದುವೆ ಮನೆಗಳಲ್ಲಿ ಅವು ಬಹಳ ಚಾಲ್ತಿಯಲ್ಲಿದ್ದವು. ಆ ಗೋಂದು ಹಳೆಯದಾದಂತೆ ಫೋಟೊ ಕಚ್ಚಿಕೊಳ್ಳುತ್ತದೆ. ಎಳೆಯಬೇಡಿ. ಮೊದಲು ಆಲ್ಬಮ್ಮಿನಲ್ಲೇ ಇರುವಂತೆ ಒಂದು ಚಿತ್ರ ತೆಗೆದಿಟ್ಟುಕೊಂಡು, ಆಮೇಲೆ ನುಣುಪಾದ ನೂಲನ್ನು ಫೋಟೊದ ಹಿಂದೆ ಗರಗಸದಂತೆ ನಿಧಾನವಾಗಿ ಆಡಿಸಿ ಬಿಡಿಸಿ. ಹೊಸ ಪುಟದಲ್ಲಿ ಕಾಗದದ ಮೂಲೆಗಳೊಳಗೆ ಸಿಗಿಸಿದರೆ ಸಾಕು.

ಫೋಟೊವೇ ಇಲ್ಲದವರಿಗೆ ಏನು ಮಾಡುವುದು? ನಮ್ಮಜ್ಜಿಯದು ಒಂದೂ ಇಲ್ಲ. ಅವರ ಹೆಸರು ಬರೆದು ಒಂದು ಪುಟ ಖಾಲಿ ಬಿಟ್ಟೆ, ಅಂಚಿಗೆ ಅವರ ಸೀರೆಯ ಸೆರಗಿನ ಒಂದು ತುಂಡು ಹೊಲಿದೆ. ಆ ಪುಟದ ಬಳಿ ಬಂದವರೆಲ್ಲ ಏನಾದರೊಂದು ಹೇಳುತ್ತಾರೆ, ಹೇಳಿದ್ದನ್ನು ಅವರಿಂದಲೇ ಬರೆಸುತ್ತೇನೆ. ಒಬ್ಬರ ಕೈಬರಹವೇ ಇರಬೇಕೆಂದಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ನಮ್ಮ ಮನೆಯ ಹಿರಿಯರೊಬ್ಬರು ಅಲ್ಲಿದ್ದರೆಂದು ದೊಡ್ಡಪ್ಪ ಬರೆದಿದ್ದಾರೆ. ಅದರ ಕೆಳಗೆ ಅತ್ತೆ, ಕೆಂಪು ಶಾಯಿಯಲ್ಲಿ, ‘ಇಲ್ಲ, ಅವತ್ತು ಅವರು ಭತ್ತ ಮಾರಲು ಮಳವಳ್ಳಿಗೆ ಹೋಗಿದ್ದರು’ ಎಂದಿದ್ದಾರೆ. ಎರಡನ್ನೂ ಹಾಗೇ ಬಿಟ್ಟಿದ್ದೇನೆ. ಚಿತ್ತಿನ ಮೇಲೆ ವೈಟ್ನರ್ ಹಚ್ಚಿಲ್ಲ.

ಪುಸ್ತಕವನ್ನು ಅಟ್ಟದ ಮೇಲಾಗಲಿ, ಮಳೆನೀರು ಇಳಿಯುವ ಗೋಡೆಯ ಪಕ್ಕವಾಗಲಿ ಇಡಬೇಡಿ. ಬೀರುವಿನಲ್ಲಿ, ಹಳೆಯ ಹತ್ತಿ ಬಟ್ಟೆ ಸುತ್ತಿ ಮಲಗಿಸಿಡಿ. ಪತ್ರಿಕೆಯ ಕಾಗದದಲ್ಲಿನ ಹುಳಿ ಪಕ್ಕದ ಫೋಟೊಗೆ ಇಳಿಯುವುದರಿಂದ ನಡುವೆ ಒಂದೊಂದು ಬಿಳಿ ಹಾಳೆ ಇರಲಿ. ವರ್ಷಕ್ಕೊಮ್ಮೆಯಾದರೂ ಪುಟ ತಿರುವಿ ಗಾಳಿಯಾಡಿಸಬೇಕು. ನಮ್ಮ ಮನೆಯಲ್ಲಿ ಅದು ನವರಾತ್ರಿಗೆ. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕಗಳನ್ನು ಅವತ್ತು ಓದುವಂತಿಲ್ಲ. ಈ ಲೆಡ್ಜರಿಗೆ ಮಾತ್ರ ಅತ್ತೆ ವಿನಾಯಿತಿ ಕೊಟ್ಟಿದ್ದಾರೆ, ಕೆಂಪು ಪೆನ್ನನ್ನೂ ಪಕ್ಕದಲ್ಲೇ ಇಟ್ಟಿರುತ್ತಾರೆ.