ಕೂಸು ಅಮ್ಮನನ್ನು ಹುಡುಕತೊಡಗುವ ಹೊತ್ತಿಗೇ ರಜೆ ಮುಗಿದಿರುತ್ತದೆ

ಆರು ತಿಂಗಳ ಕೂಸನ್ನು ಅಜ್ಜಿ ಕೈಗೆ ಕೊಟ್ಟು ಕೆಲಸಕ್ಕೆ ಹೊರಟ ತಾಯಿ ಮೊದಮೊದಲು, ‘ಪರವಾಗಿಲ್ಲ, ಪಾಪು ಗಲಾಟೆ ಮಾಡಲ್ಲ’ ಅಂತಾಳೆ. ಎರಡು ತಿಂಗಳು ಕಳೆಯಲಿ. ಅವಳು ಬ್ಯಾಗ್ ಎತ್ತಿಕೊಂಡರೆ ಸಾಕು, ಅದೇ ಪಾಪು ಕಿರುಚಿ ಅಳುತ್ತದೆ. ‘ಮುದ್ದು ಜಾಸ್ತಿಯಾಗಿ ಹಟ ಕಲಿತಿದೆ’ ಅನ್ನೋದು ಮನೆಯವರ ತೀರ್ಪು.

ಅದು ಹಟ ಅಲ್ಲ. ಹುಟ್ಟಿದ ಮಗು ಒಂದೆರಡು ದಿನದಲ್ಲೇ ಅಮ್ಮನ ದನಿ ಗುರುತಿಸುತ್ತದೆ, ನಿಜ. ಆದರೆ ಅವಳು ಕಣ್ಣಿಗೆ ಕಾಣದಿದ್ದಾಗಲೂ ಎಲ್ಲೋ ಇದ್ದಾಳೆ, ಅವಳೇ ಬೇಕು ಅನ್ನೋದು ಮಗುವಿನ ನಡವಳಿಕೆಯಲ್ಲಿ ಗಟ್ಟಿಯಾಗಿ ಕಾಣಿಸೋದು ಹೆಚ್ಚುಕಡಿಮೆ ಏಳೆಂಟು ತಿಂಗಳಿಗೆ. ‘ನಾನು’ ಅನ್ನೋದು ಇನ್ನೂ ತಡ. ಮೂಗಿಗೆ ಗೊತ್ತಾಗದಂತೆ ಬಣ್ಣ ಹಚ್ಚಿ ಕನ್ನಡಿ ತೋರಿಸಿದರೆ, ಕನ್ನಡಿ ಬಿಟ್ಟು ತನ್ನ ಮೂಗನ್ನೇ ಮುಟ್ಟಿಕೊಳ್ಳಲು ಬಹುತೇಕ ಮಕ್ಕಳಿಗೆ ಒಂದೂವರೆ ವರ್ಷವಾದರೂ ಆಗಬೇಕು. ಅಂದರೆ ಕನ್ನಡಿಯಲ್ಲಿ ತನ್ನನ್ನು ಗುರುತಿಸುವ ಎಷ್ಟೋ ಮೊದಲೇ ಮಗು ಅಮ್ಮನಿಗಾಗಿ ಅತ್ತಿರುತ್ತದೆ.

ಈ ನಂಟನ್ನು ಸಿದ್ಧಾಂತವಾಗಿ ಬೆಳೆಸಿದವರು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ. ಅವರ ಮಾತನ್ನೇ ಹಿಡಿದು ‘ಹೆಂಗಸರು ಮನೆಯಲ್ಲೇ ಇರಲಿ’ ಅಂದವರೂ ಬಹಳ ಮಂದಿ. ಆದರೆ ಅವರ ಸಹೋದ್ಯೋಗಿ ಮೇರಿ ಐನ್ಸ್‌ವರ್ತ್ 1950ರ ದಶಕದಲ್ಲಿ ಉಗಾಂಡದ ಹಳ್ಳಿಮನೆಗಳಲ್ಲಿ ಕೂತು ನೋಡಿದ್ದು ಬೇರೆಯನ್ನೂ ಹೇಳುತ್ತದೆ: ಅಂಬೆಗಾಲಿಡುವ ಮಗು ಅಮ್ಮನಿಂದ ದೂರ ಹೋಗಿ ಆಡಿ, ಮತ್ತೆ ಅವಳ ಬಳಿ ಬರುತ್ತಿತ್ತು, ಜೊತೆಗೆ ಅಪ್ಪನನ್ನೋ ಅಜ್ಜಿಯನ್ನೋ ಹಚ್ಚಿಕೊಂಡ ಮಕ್ಕಳೂ ಇದ್ದವು. ಮಗುವಿಗೆ ಬೇಕಿರೋದು ದಿನಾ ಸಿಗುವ, ಅತ್ತರೆ ಓಗೊಡುವ ಅದೇ ಕೆಲವು ಮುಖಗಳು.

ಈಗ ಕಾನೂನು ನೋಡಿ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿತು, ದೊಡ್ಡ ಹೆಜ್ಜೆಯೇ. ಆದರೆ ಅದರಲ್ಲಿ 8 ವಾರ ಹೆರಿಗೆಗೆ ಮೊದಲೇ ತೆಗೆದುಕೊಂಡರೆ ಉಳಿಯೋದು 18 ವಾರ. ಮಗು ಅಮ್ಮನನ್ನು ಹುಡುಕಲು ಶುರುಮಾಡುವಾಗ ಅಮ್ಮ ಆಫೀಸಿನಲ್ಲಿ. ಅಪ್ಪ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ. ಖಾಸಗಿ ಕಂಪನಿಯಾದರೆ ಅದು ಮಾಲೀಕರ ಮರ್ಜಿ. ಕೂಸಿನ ಮನೆ ಕಡ್ಡಾಯವಾಗಿರೋದು 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಮಾತ್ರ.

ಇದೆಲ್ಲ ಸಂಬಳದ ಚೀಟಿ ಇದ್ದವರ ಕತೆ. ನಾಲ್ಕು ಮನೆಯ ಪಾತ್ರೆ ತೊಳೆಯುವವಳಿಗೆ ಈ 26 ವಾರ ಅನ್ವಯಿಸೋದೇ ಇಲ್ಲ. ಅವಳಿಗಿರೋದು ಕೇಂದ್ರದ ಮಾತೃ ವಂದನಾ ಯೋಜನೆ: ಮೊದಲ ಮಗುವಿಗೆ 5,000 ರೂಪಾಯಿ, ಅದೂ ಕಂತಿನಲ್ಲಿ.