ಓದಿನ ಯಂತ್ರದಲ್ಲಿ ಆಟ

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೊದಲಾದ ಆಟದ ಪೆಟ್ಟಿಗೆಗಳು ಸಿರಿವಂತ ದೇಶಗಳ ಪಡಸಾಲೆಗಳಲ್ಲಿ ನೆಲೆಯೂರಿದಂದಿನಿಂದ, ಕಂಪ್ಯೂಟರಿನ ಮುಂದೆ ಕುಳಿತು ಆಡುವ ಆಟಗಳಿಗೆ ಇನ್ನು ಕಾಲವಿಲ್ಲವೆಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತಲೇ ಇದೆ. ದೂರದೇಶಗಳ ಮಾರುಕಟ್ಟೆಯಲ್ಲಿ ಹುಟ್ಟಿದ ಈ ಪ್ರಶ್ನೆಯನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಕೇಳಿದರೆ ದೊರೆಯುವ ಉತ್ತರ ಬೇರೆಯೇ ಆಗುತ್ತದೆ. ಏಕೆಂದರೆ ಆಟಕ್ಕೆಂದೇ ಒಂದು ಯಂತ್ರವನ್ನು ಹಣ ತೆತ್ತು ಮನೆಗೆ ತರುವುದಕ್ಕೂ, ವಿದ್ಯೆಗೆಂದು ತಂದ ಯಂತ್ರದಲ್ಲಿ ಆಟವನ್ನೂ ಕಂಡುಕೊಳ್ಳುವುದಕ್ಕೂ ಇರುವ ಅಂತರ, ಬೀಡಿಯ ಮಜೂರಿಯಿಂದಲೂ ಅಡಕೆಯ ಫಸಲಿನಿಂದಲೂ ಸಂಸಾರ ತೂಗಿಸುವ ಮನೆಗಳಲ್ಲಿ ಬಹು ದೊಡ್ಡದು.

ಎರಡು ಯಂತ್ರಗಳ ಭೇದವನ್ನು ಮೊದಲು ತಿಳಿದುಕೊಳ್ಳೋಣ. ಕನ್ಸೋಲ್ ಎಂದರೆ ಟಿವಿಗೆ ಜೋಡಿಸಿಕೊಂಡು ಆಡುವ, ಆಟದ ಹೊರತು ಬೇರೆ ಕೆಲಸಕ್ಕೆ ಅಷ್ಟಾಗಿ ಒದಗದ ಪೆಟ್ಟಿಗೆ. ತುಳುನಾಡಿನ ಮನೆಗಳಲ್ಲಿ ಆಟಿ ತಿಂಗಳ ಮಳೆಗೆ ಅಟ್ಟದಿಂದ ಕೆಳಗಿಳಿಯುತ್ತಿದ್ದ ಚೆನ್ನೆಮಣೆಯ ಸ್ವಭಾವವೇ ಅದರದ್ದು: ಹದಿನಾಲ್ಕು ಗುಳಿಗಳ ಆ ಮಣೆ ವಿಟ್ಲದಲ್ಲಿಯೂ ವೇಣೂರಿನಲ್ಲಿಯೂ ಒಂದೇ ಆಗಿರುವುದರಿಂದ, ಆಟ ಬಲ್ಲವರು ಯಾರ ಮನೆಗೆ ಹೋದರೂ ಕುಳಿತೊಡನೆ ಕಾಯಿ ಹಾಕಬಹುದು. ಒಂದು ಮಾದರಿಯ ಕನ್ಸೋಲುಗಳೆಲ್ಲವೂ ಒಳಗೆ ಹೊರಗೆ ಏಕರೂಪವಾಗಿರುವ ಕಾರಣ, ಆಟವನ್ನು ನಿರ್ಮಿಸುವವರು ಆ ಒಂದೇ ಯಂತ್ರಕ್ಕೆ ಅದನ್ನು ಒಗ್ಗಿಸಿ, ಪರೀಕ್ಷಿಸಿ, ನಿಶ್ಚಿಂತರಾಗುತ್ತಾರೆ. ಕೊಂಡವರಿಗೂ ಇದು ನಮ್ಮಲ್ಲಿ ನಡೆದೀತೋ ಇಲ್ಲವೋ ಎಂಬ ಶಂಕೆಯಿಲ್ಲ. ಕಂಪ್ಯೂಟರಿಗಾದರೋ ಈ ಸುಖವಿಲ್ಲ. ಒಬ್ಬರ ಪ್ರೊಸೆಸರ್ ಒಂದು ಬಗೆ, ಇನ್ನೊಬ್ಬರ ಗ್ರಾಫಿಕ್ಸ್ ಕಾರ್ಡ್ ಇನ್ನೊಂದು ಬಗೆ. ಒಂದರಲ್ಲಿ ಸರಾಗವಾಗಿ ಸಾಗುವ ಆಟ ಮತ್ತೊಂದರಲ್ಲಿ ಹೆಜ್ಜೆಹೆಜ್ಜೆಗೂ ತಡವರಿಸುತ್ತದೆ.

ನಮ್ಮ ಮನೆಗಳಿಗೆ ಮೊದಲು ಬಂದದ್ದು ಈ ಸುಖದ ಪೆಟ್ಟಿಗೆಯೇ ಎಂಬುದನ್ನು ಅನೇಕರು ಮರೆತಿದ್ದಾರೆ. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಯಂತ್ರದ ಅಗ್ಗದ ಪ್ರತಿಕೃತಿಗಳು 1990ರ ದಶಕದಲ್ಲಿ ಭಾರತದ ಪೇಟೆಗಳಲ್ಲೆಲ್ಲ ಹರಡಿಕೊಂಡವು; ದುಬೈ, ಕುವೈತ್‌ಗಳಿಂದ ರಜೆಗೆ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ಸೆಂಟು, ಟಾರ್ಚು, ಮಿಠಾಯಿಗಳ ಜೊತೆ ಟಿವಿ ಗೇಮೂ ಬಂದಿಳಿಯುತ್ತಿದ್ದುದುಂಟು. ಅದರ ತಂತಿಯನ್ನು ಟಿವಿಯ ಆಂಟೆನಾ ರಂಧ್ರಕ್ಕೆ ಚುಚ್ಚಿ, ಚಾನಲ್ಲನ್ನು ತಿರುವುತ್ತ ತಿರುವುತ್ತ, ಕಪ್ಪುಬಿಳಿ ಚುಕ್ಕಿಗಳ ನಡುವಿನಿಂದ ಮಾರಿಯೋನ ಚಿತ್ರ ಮೂಡುವವರೆಗೆ ಅಣ್ಣತಮ್ಮಂದಿರು ಉಸಿರು ಹಿಡಿದು ನಿಂತಿರುತ್ತಿದ್ದರು. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳೆಂದು ಅಚ್ಚಾಗಿದ್ದರೂ ಒಳಗಿರುತ್ತಿದ್ದವು ಬೆರಳೆಣಿಕೆಯವು. ಅವೇ ಮತ್ತೆ ಮತ್ತೆ ಬರುತ್ತಿದ್ದವು. ಬಾತುಕೋಳಿಯನ್ನು ಹೊಡೆಯುವ ಪ್ಲಾಸ್ಟಿಕ್ ಬಂದೂಕಿನ ಮರ್ಮವಂತೂ ಎಲ್ಲರಿಗೂ ಸೋಜಿಗ. ಕುದುರೆ ಎಳೆದ ಕ್ಷಣ ಪರದೆ ಕಣ್ಣಿಗೆ ತೋರದಷ್ಟು ಹೊತ್ತು ಕಪ್ಪಾಗಿ, ಬಾತುಕೋಳಿಯಿದ್ದ ತಾಣ ಮಾತ್ರ ಬಿಳಿಯ ಚೌಕವಾಗಿ ಬೆಳಗುತ್ತಿತ್ತು. ಬಂದೂಕಿನ ನಳಿಗೆಯೊಳಗಿನ ಬೆಳಕಿನ ಕಣ್ಣು ಆ ಬಿಳುಪನ್ನು ಕಂಡರೆ ಗುರಿ ಸರಿ, ಕಾಣದಿದ್ದರೆ ಗುರಿ ತಪ್ಪು. ಹಳೆಯ ಗಾಜಿನ ಟ್ಯೂಬಿನ ಟಿವಿ ಬೆಳಕು ಮೂಡಿಸುವ ವೇಗಕ್ಕೆ ಹೊಂದಿಸಿದ ಈ ಉಪಾಯ ಚಪ್ಪಟೆ ಟಿವಿಗಳು ಬಂದೊಡನೆ ನಿರುಪಯುಕ್ತವಾಯಿತು. ಟಿವಿ ಬದಲಾದ ಮನೆಯಲ್ಲಿ ಆ ಪೆಟ್ಟಿಗೆಯೂ ಅಟ್ಟ ಸೇರಿತು. ಅದರ ಸ್ಥಾನಕ್ಕೆ ಅಸಲಿ ಪ್ಲೇಸ್ಟೇಷನ್ನನ್ನು ತಂದ ಮನೆಗಳು ನಮ್ಮಲ್ಲಿ ವಿರಳ.

ಆ ತೆರಪನ್ನು ತುಂಬಿದ್ದು ಕಂಪ್ಯೂಟರ್. ಅದು ಆಟದ ಹೆಸರಿನಲ್ಲಿ ಬರಲಿಲ್ಲ. ಸಿಇಟಿಯ ಆಸೆ, ಇಂಜಿನಿಯರಿಂಗಿನ ಆಸೆ, ಬೆಂಗಳೂರಿನ ಕೆಲಸದ ಆಸೆ, ಇವುಗಳ ಬೆನ್ನಲ್ಲಿ ಅದು ಬಂತು. 2007ರಲ್ಲಿ ಮೂಡುಬಿದಿರೆಯ ಮಿಜಾರಿನಲ್ಲಿ ಮಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಅಂಡ್ ಇಂಜಿನಿಯರಿಂಗೂ ಉಜಿರೆಯಲ್ಲಿ ಎಸ್‌ಡಿಎಂ ತಾಂತ್ರಿಕ ಕಾಲೇಜೂ, ಮರುವರ್ಷ ಮಿಜಾರಿನಲ್ಲಿಯೇ ಆಳ್ವಾಸ್ ಇಂಜಿನಿಯರಿಂಗ್ ಕಾಲೇಜೂ ಆರಂಭವಾದ ಮೇಲೆ, ಎಷ್ಟೋ ಮಂದಿ ದೂರದ ಸುರತ್ಕಲ್ಲಿಗೋ ಮಣಿಪಾಲಕ್ಕೋ ಹೋಗಿ ಕಲಿಯಬೇಕಿದ್ದ ವಿದ್ಯೆ ಮನೆಯ ಹತ್ತಿರಕ್ಕೆ ಬಂದಿತು. ಮಗನ ಓದಿಗೆಂದು ಸಾಲ ಮಾಡಿ ತಂದ ಡೆಸ್ಕ್‌ಟಾಪಿನಲ್ಲಿ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ, ರೋಡ್ ರ‍್ಯಾಶ್, ವೈಸ್ ಸಿಟಿಗಳು ಮೆಲ್ಲನೆ ಒಕ್ಕಲಾದವು. ಪೇಟೆಯ ಸೈಬರ್ ಸೆಂಟರುಗಳಲ್ಲಿ ಪ್ಲೈವುಡ್ಡಿನ ತಡಿಕೆಗಳ ಹಿಂದೆ ಸಾಲಾಗಿ ಕುಳಿತ ಹುಡುಗರು ಒಂದೇ ಜಾಲದೊಳಗೆ ಕೌಂಟರ್ ಸ್ಟ್ರೈಕ್ ಆಡುತ್ತ, ತಡಿಕೆಯ ಮೇಲಿನಿಂದಲೇ ತುಳುವಿನಲ್ಲಿ ಒಬ್ಬರನ್ನೊಬ್ಬರು ಎಚ್ಚರಿಸುತ್ತಿದ್ದ ಕಾಲವದು. ಆ ಆಟಗಳ ಸೀಡಿಗಳಲ್ಲಿ ಬಹುಪಾಲು ಕದ್ದ ಪ್ರತಿಗಳೆಂಬುದನ್ನು ಮರೆಮಾಚಬಾರದು. ನಮ್ಮಲ್ಲಿ ಮಾತ್ರವಲ್ಲ, ಲೋಕದಾದ್ಯಂತ ನಡೆದ ಈ ನಕಲಿನ ಹಾವಳಿಯೇ ಆಟದ ನಿರ್ಮಾಪಕರು ಕಂಪ್ಯೂಟರಿಗೆ ಬೆನ್ನು ತಿರುಗಿಸಿ ಕನ್ಸೋಲಿನತ್ತ ವಾಲಿದುದಕ್ಕೆ ಒಂದು ಮುಖ್ಯ ಕಾರಣ.

ಆದರೆ ನಮ್ಮಲ್ಲಿ ಕನ್ಸೋಲಿಗಿಂತ ಕಂಪ್ಯೂಟರೇ ಒಗ್ಗಿದುದಕ್ಕೆ, ಓದಿನ ಆಸೆಯಲ್ಲದೆ, ಇನ್ನೊಂದು ಕಾರಣ ನಮ್ಮ ಆಕಾಶದ್ದು. ಚಾರ್ಮಾಡಿಯ ಬುಡದಿಂದ ನೇತ್ರಾವತಿಯ ದಡದವರೆಗೆ, ಮಳೆಗಾಲದ ಮೊದಲೂ ಕೊನೆಯೂ ಸಿಡಿಲಿನವು. ಗುಡುಗು ಕೇಳಿದೊಡನೆ ಟಿವಿಯ ಪ್ಲಗ್ಗು, ಕೇಬಲ್ಲು ಎರಡನ್ನೂ ಕಿತ್ತಿಡುವುದು ಇಲ್ಲಿನ ಮನೆಗಳ ರೂಢಿ. ಕರೆಂಟ್ ಹೋದರೆ ಕನ್ಸೋಲ್ ಅಲ್ಲಿಯೇ ಸ್ತಬ್ಧ. ಡೆಸ್ಕ್‌ಟಾಪಿಗೆ ಯುಪಿಎಸ್ ಕೆಲವು ನಿಮಿಷಗಳ ಜೀವದಾನ ಮಾಡುತ್ತದೆ. ಲ್ಯಾಪ್‌ಟಾಪಾದರೆ ತನ್ನ ಬ್ಯಾಟರಿಯ ಬಲದಿಂದ ಪಾಠವನ್ನೂ ಆಟವನ್ನೂ ಇನ್ನಷ್ಟು ಹೊತ್ತು ಸಾಗಿಸುತ್ತದೆ.

ಹೊರಜಗತ್ತಿನಲ್ಲಿ 2005ರಿಂದ 2010ರವರೆಗಿನ ಅವಧಿಯಲ್ಲಿ ಕಂಪ್ಯೂಟರ್ ಆಟದ ಅವಸಾನವನ್ನು ನುಡಿದವರ ಮಾತು ನಿರಾಧಾರವೇನೂ ಆಗಿರಲಿಲ್ಲ. ಪ್ಲೇಸ್ಟೇಷನ್ 2 ಆ ವೇಳೆಗೆ ಮನೆಮಾತಾಗಿತ್ತು. ಕಾಲಾಂತರದಲ್ಲಿ ಅದರ ಮಾರಾಟ 15 ಕೋಟಿಯನ್ನು ಮೀರಿತು. ಅಂಗಡಿಗಳ ಕಪಾಟಿನಲ್ಲಿ ಕಂಪ್ಯೂಟರ್ ಆಟಗಳ ಸಾಲು ಕಿರಿದಾಗುತ್ತ ಹೋಯಿತು. ದೊಡ್ಡ ಆಟಗಳು ಮೊದಲು ಕನ್ಸೋಲಿಗೆ ಬಂದು, ಕಂಪ್ಯೂಟರಿನವರು ಕಾದು ಕುಳಿತುಕೊಳ್ಳುವುದು ವಾಡಿಕೆಯಾಯಿತು. ಜಿಟಿಎ 5 ಕನ್ಸೋಲಿಗೆ 2013ರ ಸೆಪ್ಟೆಂಬರಿನಲ್ಲಿ ಬಂದರೆ ಕಂಪ್ಯೂಟರಿಗೆ 2015ರ ಏಪ್ರಿಲ್‌ವರೆಗೂ ಬರಲಿಲ್ಲ. ಆದರೆ ಅಂಗಡಿಯ ಕಪಾಟು ಬರಿದಾಗುತ್ತಿದ್ದ ಅದೇ ಕಾಲದಲ್ಲಿ, ಅಮೆರಿಕದ ವಾಲ್ವ್ ಸಂಸ್ಥೆ 2003ರಲ್ಲಿ ಆರಂಭಿಸಿದ ಸ್ಟೀಮ್ ಎಂಬ ಅಂತರ್ಜಾಲದ ಅಂಗಡಿ ಸದ್ದಿಲ್ಲದೆ ಬೆಳೆಯುತ್ತಿತ್ತು. ಸೀಡಿಯಿಲ್ಲ, ಡಬ್ಬಿಯಿಲ್ಲ, ಹಣ ತೆತ್ತರೆ ಆಟ ನೇರವಾಗಿ ಯಂತ್ರಕ್ಕೆ ಇಳಿಯುತ್ತದೆ. ಹಬ್ಬದ ರಿಯಾಯಿತಿಯಲ್ಲಿ ಒಂದು ಊಟದ ಬೆಲೆಗೆ ಆಟ ಸಿಗುವಂತಾದಾಗ ಕದಿಯುವ ಗೊಡವೆಯೇ ಅನೇಕರಿಗೆ ಬೇಡವಾಯಿತು. 2015ರಲ್ಲಿ ಸ್ಟೀಮ್ ರೂಪಾಯಿಯಲ್ಲೇ ಬೆಲೆ ನಿಗದಿ ಮಾಡಿದ್ದು, ಮರುವರ್ಷ ಜಿಯೋ ಬಂದು ಡೇಟಾ ಅಗ್ಗವಾದದ್ದು, ನಮ್ಮ ವಿದ್ಯಾರ್ಥಿಗಳ ಪಾಲಿಗೆ ಕೂಡಿಬಂದ ಯೋಗ. 2025ರಲ್ಲಿ ಆ ಅಂಗಡಿಯಲ್ಲಿ ಏಕಕಾಲಕ್ಕೆ ಸೇರಿದವರ ಸಂಖ್ಯೆ 4 ಕೋಟಿಯನ್ನು ದಾಟಿತು. ಕುಂದುತ್ತಿರುವ ಹವ್ಯಾಸದ ಲಕ್ಷಣ ಇದಲ್ಲ. ಹಾಗೆಂದು ಕನ್ಸೋಲೂ ಕ್ಷೀಣಿಸಿಲ್ಲ. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ತಾನೂ 15 ಕೋಟಿಯ ಗಡಿಯನ್ನು ಮೀರಿದೆ.

ಬೆಲೆಯ ಮಾತು ಬಂದಲ್ಲಿ ಮಾತ್ರ ನಮ್ಮ ಊರಿನ ತೀರ್ಪು ಸ್ಪಷ್ಟ. 2021ರ ಫೆಬ್ರುವರಿ 2ರಂದು ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ. ಅದನ್ನು ನಿರ್ಮಿಸುವ ಸೋನಿಯವರದೇ ದೊಡ್ಡ ಹೊಸ ಆಟವೊಂದಕ್ಕೆ 4,999. ಇತರರೊಡನೆ ಜಾಲದಲ್ಲಿ ಆಡಬೇಕಾದರೆ ಬಹುಪಾಲು ಆಟಗಳಿಗೆ ಚಂದಾ ಬೇರೆ. 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಕಂಪ್ಯೂಟರಿಗೆ ಶೇ. 18ರ ತೆರಿಗೆಯಾದರೆ ಕನ್ಸೋಲಿಗೆ ಶೇ. 28 ಆಗಿತ್ತು; ಆಗ ಸರ್ಕಾರದ ಕಣ್ಣಿಗೂ ಒಂದು ಅವಶ್ಯ ವಸ್ತುವಾಗಿ, ಇನ್ನೊಂದು ವಿಲಾಸವಾಗಿ ಕಂಡಿತ್ತು. ಅಷ್ಟೇ ಹಣಕ್ಕೆ ಬರುವ ಲ್ಯಾಪ್‌ಟಾಪ್ ಪ್ಲೇಸ್ಟೇಷನ್ನಿನಷ್ಟು ಸುಂದರವಾಗಿ ಆಟವನ್ನು ತೋರಿಸಲಾರದು, ನಿಜ. ಆದರೆ ಅದು ಪ್ರಾಜೆಕ್ಟ್ ರಿಪೋರ್ಟನ್ನು ಬರೆಯುತ್ತದೆ, ತಂಗಿಯ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುತ್ತದೆ, ಅಪ್ಪನ ಪಹಣಿಯನ್ನು ತೆಗೆದುಕೊಡುತ್ತದೆ. ಮನೆಯವರೆದುರು ಇಂಥ ಸಮರ್ಥನೆ ಯಾವ ಕನ್ಸೋಲಿಗೂ ಇಲ್ಲ.

ಮಿಜಾರಿನ ಸುತ್ತಮುತ್ತ ವಿದ್ಯಾರ್ಥಿಗಳು ಬಾಡಿಗೆಗಿರುವ ಕೋಣೆಗಳಲ್ಲಿ ಮಳೆಗಾಲದಲ್ಲೊಮ್ಮೆ ನೋಡಬೇಕು. ಕರಾವಳಿಯ ತೇವಕ್ಕೆ ಕಂಪ್ಯೂಟರ್ ಬೆಳಗ್ಗೆ ಎದ್ದೇಳದೆ ಬೀಪ್ ಬೀಪ್ ಎಂದು ಕೂಗತೊಡಗಿದರೆ, ಹುಡುಗನೊಬ್ಬ ಸಿಪಿಯುವಿನ ಪಕ್ಕದ ತಗಡನ್ನು ಬಿಚ್ಚಿ, ರ‍್ಯಾಮಿನ ಪಟ್ಟಿಯನ್ನು ಹೊರಗೆಳೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ಲಿನ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪೈಂಟಿನ ಬ್ರಷ್ಷಿನಿಂದ ಫ್ಯಾನಿನ ಧೂಳು ಗುಡಿಸಿ, ಮತ್ತೆ ಟಕ್ಕೆಂದು ಕೂರಿಸುತ್ತಾನೆ. ಯಂತ್ರ ಎದ್ದೇಳುತ್ತದೆ. ಈ ವಿದ್ಯೆಯನ್ನು ಅವನಿಗೆ ಯಾವ ಪಠ್ಯವೂ ಕಲಿಸಿದ್ದಲ್ಲ. ನಿನ್ನೆ ರಾತ್ರಿ ಅರ್ಧಕ್ಕೆ ನಿಂತ ಆಟ ಕಲಿಸಿದ್ದು.

ಕಂಪ್ಯೂಟರಿನ ಆಟದ ಸತ್ತ್ವವಿರುವುದು ಈ ಬಿಚ್ಚುವಿಕೆಯಲ್ಲಿಯೇ ಎಂದು ನನ್ನ ದೃಢವಾದ ನಂಬಿಕೆ. ಅದಕ್ಕೆ ಕ್ರಿಕೆಟ್ 07 ಎಂಬ ಆಟಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಇಎ ಸ್ಪೋರ್ಟ್ಸ್ ಸಂಸ್ಥೆ 2006ರ ಕೊನೆಯಲ್ಲಿ ಅದನ್ನು ಬಿಡುಗಡೆ ಮಾಡಿತು. ಅನಂತರ ಮತ್ತೊಂದು ಕ್ರಿಕೆಟ್ ಆಟವನ್ನು ಹೊರತರಲಿಲ್ಲ. ಐಪಿಎಲ್ ಹುಟ್ಟಿದ್ದು 2008ರಲ್ಲಿ. ಹೀಗಿರುವಾಗ ಆ ಹಳೆಯ ಆಟದಲ್ಲಿ ಬೆಂಗಳೂರಿನ ಕೆಂಪು ಅಂಗಿ ತೊಟ್ಟ ತಂಡ ಬ್ಯಾಟು ಹಿಡಿದು ಇಳಿಯುವುದು ಹೇಗೆ? ಇಳಿಸಿದವರು ಆಡುವವರೇ. ಆಟದ ಕಡತಗಳನ್ನು ಬಿಡಿಸಿ, ಆಟಗಾರರ ಪಟ್ಟಿಯನ್ನು ತಿದ್ದಿ, ಮುಖಗಳ ಮೇಲೆ ಹೊಸ ಮುಖಗಳನ್ನು ಹೊಲಿದು, ಅಂಗಿ, ಬ್ಯಾಟು, ಮೈದಾನದ ಜಾಹೀರಾತು ಫಲಕಗಳನ್ನು ಸಹ ಬದಲಿಸಿ, ವರ್ಷವರ್ಷವೂ ಹೊಸ ಪ್ಯಾಚುಗಳನ್ನು ಸಿದ್ಧಪಡಿಸಿ ಅವರು ಉಚಿತವಾಗಿ ಹಂಚಿದರು. ನಮ್ಮ ಸುರತ್ಕಲ್ಲಿನಲ್ಲಿ ಬೆಳೆದ ಕೆ. ಎಲ್. ರಾಹುಲ್ ಭಾರತದ ಪರವಾಗಿ ಮೊದಲ ಟೆಸ್ಟ್ ಆಡಿದ್ದು 2014ರ ಡಿಸೆಂಬರಿನಲ್ಲಿ. ಅದಕ್ಕೆ ಎಂಟು ವರ್ಷ ಹಿಂದಿನ ಆಟದಲ್ಲಿಯೂ ಅವರು ಇನಿಂಗ್ಸ್ ಆರಂಭಿಸಬಲ್ಲರು! ಇದೇ ಆಟ ಪ್ಲೇಸ್ಟೇಷನ್ 2ಕ್ಕೂ ಬಂದಿತ್ತು. ಅಲ್ಲಿ ಅದು ಮುಚ್ಚಿದ ತಟ್ಟೆಯೊಳಗೆ 2006ರ ತಂಡಗಳೊಡನೆಯೇ ಬಹುಮಟ್ಟಿಗೆ ಉಳಿದುಹೋಯಿತು.

ಹೀಗೆ ಆಡುವವರು ಆಟವನ್ನು ತಿದ್ದುವ ಈ ಪದ್ಧತಿಯಿಂದಲೇ ಹೊಸ ಆಟಗಳೂ ಹುಟ್ಟಿವೆ. ಸೈಬರ್ ಸೆಂಟರುಗಳನ್ನು ತುಂಬಿಸಿದ ಕೌಂಟರ್ ಸ್ಟ್ರೈಕ್, ಹಾಫ್ ಲೈಫ್ ಎಂಬ ಆಟವನ್ನು ಇಬ್ಬರು ಯುವಕರು 1999ರಲ್ಲಿ ಮಾರ್ಪಡಿಸಿದುದರ ಫಲ. ಡೋಟಾ, ವಾರ್‌ಕ್ರಾಫ್ಟ್ 3ರ ಮಾರ್ಪಾಡು. ಬಂಟ್ವಾಳದ ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದು ಕಾಲಕ್ಕೆ ಪ್ರತಿಯೊಬ್ಬ ಹುಡುಗನ ಕೈಯಲ್ಲಿದ್ದ ಪಬ್‌ಜಿ, ಮೊದಲು ಕಂಪ್ಯೂಟರಿಗೆಂದೇ 2017ರ ಮಾರ್ಚಿನಲ್ಲಿ ಬಂದದ್ದು. ಅದರ ಕರ್ತೃ ಬ್ರೆಂಡನ್ ಗ್ರೀನ್ ಆ ಕಲ್ಪನೆಯನ್ನು ಪರೀಕ್ಷಿಸಿದ್ದು ಆರ್ಮಾ ಎಂಬ ಇನ್ನೊಂದು ಕಂಪ್ಯೂಟರ್ ಆಟವನ್ನು ತಿದ್ದುತ್ತ. ಮರುವರ್ಷ ಅದು ಮೊಬೈಲಿಗಿಳಿಯಿತು. ಕಂಪ್ಯೂಟರಿನ ನಿಜವಾದ ಪ್ರತಿಸ್ಪರ್ಧಿ ನಮ್ಮಲ್ಲಿ ಕನ್ಸೋಲಲ್ಲ, ಈ ಮೊಬೈಲು. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿಯನ್ನು ನಿಷೇಧಿಸಿತು. 2021ರಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಿಂದ ಮರಳಿತು, ಮರುವರ್ಷ ಮತ್ತೆ ಮರೆಯಾಗಿ 2023ರಲ್ಲಿ ಪುನಃ ಬಂತು. ಈ ಏಳುಬೀಳುಗಳ ನಡುವೆ ಸೈಬರ್ ಸೆಂಟರುಗಳ ತಡಿಕೆಗಳು ಮಾಯವಾದವು; ಉಳಿದವು ಜೆರಾಕ್ಸು, ಪಹಣಿ, ಆನ್‌ಲೈನ್ ಅರ್ಜಿಗಳಿಂದ ಜೀವ ಹಿಡಿದಿವೆ. ನಾಲ್ಕು ಜನ ಒಂದು ಕೋಣೆಯಲ್ಲಿ ಕೂಡಿ ಆಡುತ್ತಿದ್ದ ಆ ಸಂಭ್ರಮ ಹೋದದ್ದು ನನಗೆ ನಿಜವಾದ ವ್ಯಥೆ. ಮೊಬೈಲಿನ ಆಟವನ್ನು ಹಾಗೆ ಸುಲಭವಾಗಿ ಬಿಚ್ಚಿ ನೋಡುವಂತಿಲ್ಲ; ಅದನ್ನು ಬಹುಮಟ್ಟಿಗೆ ಬಂದಂತೆಯೇ ಆಡಬೇಕು.

ಇತ್ತ ಕನ್ಸೋಲಿಗೂ ಕಂಪ್ಯೂಟರಿಗೂ ನಡುವಿನ ಗೋಡೆಯೇ ಸವೆಯುತ್ತಿದೆ. ತನ್ನ ಆಟಗಳನ್ನು ಕಾಪಿಟ್ಟುಕೊಂಡಿದ್ದ ಸೋನಿ 2020ರಲ್ಲಿ ಹೊರೈಜನ್ ಝೀರೋ ಡಾನ್ ಆಟವನ್ನೂ 2022ರಲ್ಲಿ ಗಾಡ್ ಆಫ್ ವಾರ್ ಆಟವನ್ನೂ ಕಂಪ್ಯೂಟರಿಗೆ ತಂದಿತು. ಯಾವ ಪೆಟ್ಟಿಗೆಯ ಆಟವೇ ಆಗಲಿ, ಅದು ರೂಪುಗೊಳ್ಳುವುದು ಕಂಪ್ಯೂಟರಿನಲ್ಲಿಯೇ. 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಧ್ರುವ ಇಂಟರಾಕ್ಟಿವ್, ಭಾರತದ ಮೊದಲ ಆಟ ನಿರ್ಮಾಣ ಸಂಸ್ಥೆಗಳಲ್ಲೊಂದು, 2019ರಲ್ಲಿ ಜಿಟಿಎಯನ್ನು ನಿರ್ಮಿಸುವ ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು. ಜಿಟಿಎ ಸರಣಿಯದೇ ಆದ ವೈಸ್ ಸಿಟಿಯನ್ನು ಕದ್ದ ಸೀಡಿಯಲ್ಲಿ ಆಡಿದ ಪೀಳಿಗೆಗೆ ಆ ಸರಣಿಯ ಮುಂದಿನ ಆಟಗಳಲ್ಲಿ ಕೆಲಸ ಮಾಡುವ ಬಾಗಿಲು ನಮ್ಮ ರಾಜಧಾನಿಯಲ್ಲಿಯೇ ತೆರೆದಿದೆ.

ಈಗ ಒದಗಿರುವ ಆತಂಕ ಬೇರೊಂದು ದಿಕ್ಕಿನದು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನು ಸೆಳೆದುಕೊಳ್ಳತೊಡಗಿ, 2025ರ ಕೊನೆಯ ವೇಳೆಗೆ ರ‍್ಯಾಮಿನ ಬೆಲೆ ವಿಪರೀತ ಏರಿತು. ಸಾಮಾನ್ಯ ಗ್ರಾಹಕರಿಗೆ ಕ್ರೂಷಿಯಲ್ ಹೆಸರಿನಲ್ಲಿ ಮೆಮೊರಿ ಮಾರುತ್ತಿದ್ದ ಮೈಕ್ರಾನ್ ಸಂಸ್ಥೆ ಆ ವ್ಯಾಪಾರವನ್ನೇ ಕೈಬಿಡುವುದಾಗಿ ಡಿಸೆಂಬರಿನಲ್ಲಿ ಸಾರಿತು. ಬಿಡಿಭಾಗಗಳನ್ನು ಒಂದೊಂದಾಗಿ ಕೂಡಿಸಿಕೊಂಡು, ಈ ವರ್ಷ ರ‍್ಯಾಮ್, ಬರುವ ವರ್ಷ ಗ್ರಾಫಿಕ್ಸ್ ಕಾರ್ಡ್ ಎಂದು ಯಂತ್ರವನ್ನು ಬೆಳೆಸುತ್ತಿದ್ದ ವಿದ್ಯಾರ್ಥಿಗೆ ಇದು ಕನ್ಸೋಲಿನ ಯಾವ ಪೈಪೋಟಿಗಿಂತಲೂ ದೊಡ್ಡ ಪೆಟ್ಟು. ಮನೆಯಲ್ಲಿ ಯಂತ್ರ ಕೊಳ್ಳಲಾಗದವನಿಗೆ ಕಾಲೇಜಿನ ಲ್ಯಾಬ್ ಒಂದೇ ಉಳಿಯುವ ದಿನ ಬಂದರೆ, ತರಗತಿ ಮುಗಿದ ಮೇಲೆ ಸಂಜೆಯ ಎರಡು ಗಂಟೆಯಾದರೂ ಅದು ಬೀಗವಿಲ್ಲದೆ ಇರಬೇಕು, ಅಲ್ಲಿ ಕ್ರಿಕೆಟ್ 07ರ ಕಡತವನ್ನು ಬಿಡಿಸುತ್ತಿರುವ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ಎಬ್ಬಿಸಿ ಕಳುಹಿಸಬಾರದು ಎಂದು ನಮ್ಮ ಕಾಲೇಜುಗಳನ್ನು ಕೇಳಿಕೊಳ್ಳುತ್ತೇನೆ.